ಮಗ್ಗ ನಿಂತಾಗ ಬಂದ ಎರಡು ಅಲೆ

ಆ ಹೆಂಗಸಿನ ತಲೆಗೆ ನಾನು ಮೊದಲ ಸಲ ವೈರು ಅಂಟಿಸಿದ್ದು ಒಂದು ಸೋಮವಾರ ಮಧ್ಯಾಹ್ನ. ಬಾಗಲಕೋಟೆಯ ದವಾಖಾನೆಯೊಂದರ ಐಸಿಯು, ಕಿಟಕಿ ಪಕ್ಕದ ಮಂಚ. ಊರು ಇಳಕಲ್, ವಯಸ್ಸು ಐವತ್ತು ದಾಟಿತ್ತು. ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕುಳಿತಿದ್ದಾಗ ಹೃದಯ ನಿಂತಿತ್ತು. ಊರಿನ ದವಾಖಾನೆಯಲ್ಲಿ ಎದೆ ಒತ್ತಿ ಒತ್ತಿ ಮತ್ತೆ ಬಡಿಯುವಂತೆ ಮಾಡಿದ್ದರು. ಅಷ್ಟರಲ್ಲಿ ಮಿದುಳಿಗೆ ಆಮ್ಲಜನಕ ಸಿಗದೆ ಬಹಳ ಹೊತ್ತಾಗಿತ್ತು. ಅದಾಗಿ ಎಂಟು ದಿನ. ನಿದ್ದೆಯ ಔಷಧಿ ನಿಲ್ಲಿಸಿ ಮೂರು ದಿನವಾದರೂ ಕಣ್ಣು ತೆರೆದಿರಲಿಲ್ಲ.

ಹುಬ್ಬಳ್ಳಿಯಿಂದ ಸೋಮವಾರ ಮತ್ತು ಶುಕ್ರವಾರ ಮಾತ್ರ ಬರುವ ನರರೋಗದ ಡಾಕ್ಟರು ನನಗೆ ಚೀಟಿ ಬರೆದಿದ್ದರು. ಇಇಜಿ ತೆಗೆಯಿರಿ, ನಡುವೆ ಹೆಸರು ಹಿಡಿದು ಕರೆಯಿರಿ, ಚಪ್ಪಾಳೆ ತಟ್ಟಿ, ಉಗುರು ಒತ್ತಿ ನೋಡಿ.

ಇಇಜಿ ಅಂದರೆ ತಲೆಯ ಮೇಲೆ ಇಪ್ಪತ್ತೊಂದು ಕಡೆ ಅಂಗಿಯ ಗುಂಡಿಯಷ್ಟು ಲೋಹದ ಬಟ್ಟಲು ಅಂಟಿಸಿ, ಒಳಗೆ ನಡೆಯುವ ವಿದ್ಯುತ್ತನ್ನು ಗೆರೆಯಾಗಿ ಪರದೆಯ ಮೇಲೆ ತರುವುದು. ಅದೇ ನನ್ನ ಕೆಲಸ. ವಾರ್ಡಿನವರಿಗೆ ನಾನು ‘ವಾಯರ್ ಅಕ್ಕಾರು’. ಟೇಪು ಹಿಡಿದು ಮೂಗಿನ ಮೇಲಿನ ತಗ್ಗಿನಿಂದ ಹಿಂದಲೆಯ ಗಂಟಿನವರೆಗೆ, ಈ ಕಿವಿಯಿಂದ ಆ ಕಿವಿಯವರೆಗೆ ಅಳೆದು ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಆಮೇಲೆ ಒಂದೊಂದು ಗುರುತಿನಲ್ಲೂ ಬೈತಲೆ ತೆಗೆದು, ಚರ್ಮ ಉಜ್ಜಿ, ಅಂಟು ಹಚ್ಚಬೇಕು. ನಮ್ಮ ಕಡೆ ಹೆಣ್ಣುಮಕ್ಕಳ ತಲೆ ಅಂದರೆ ವರ್ಷಗಟ್ಟಲೆ ಎಣ್ಣೆ ಕುಡಿದ ತಲೆ. ಎಂಟು ದಿನ ಕೈ ಆಡದಿದ್ದರೂ ಎಣ್ಣೆ ಬಿಟ್ಟಿರಲಿಲ್ಲ. ಅಂಟಿಸಿದ್ದೆಲ್ಲ ಜಾರಿ ಬೀಳುತ್ತಿತ್ತು. ಮುಕ್ಕಾಲು ತಾಸು ಬೈದುಕೊಳ್ಳುತ್ತಾ ಅಂಟಿಸಿದೆ.

ಗಾಜಿನ ಬಾಗಿಲಾಚೆ ಆಕೆಯ ಗಂಡ ನಿಂತಿದ್ದರು. ಕುಳ್ಳಗೆ, ಹಣೆಯಲ್ಲಿ ವಿಭೂತಿ, ಬಿಳಿ ಅಂಗಿ, ಧೋತರ. ನಾನು ಅಂಟಿನ ಡಬ್ಬಿ ತರಲು ಹೊರಗೆ ಬಂದಾಗ ಒಂದೇ ಮಾತು ಕೇಳಿದರು.

“ಅಕ್ಕಾರ, ಕೊರಳಾಗಿನ ಲಿಂಗ ತಗೀಬೇಕೇನ್ರಿ?”

“ಬ್ಯಾಡ ಕಾಕಾ. ಅದರದೇನೂ ಅಡ್ಡಿ ಇಲ್ಲ.”

ಪರದೆಯ ಮೇಲೆ ಮೊದಲು ಬಂದದ್ದು ಬರೀ ಗದ್ದಲ. ಬೆನ್ನಿಗೆ ಹುಣ್ಣಾಗದಿರಲೆಂದು ಹಾಕಿದ ಗಾಳಿ ಹಾಸಿಗೆಯ ಪಂಪು ಎಲ್ಲ ಗೆರೆಗಳನ್ನೂ ನಡುಗಿಸುತ್ತಿತ್ತು. ಪಂಪಿನ ಪ್ಲಗ್ಗು ಕಿತ್ತೆ. ಆಮೇಲೆ ಉಸಿರಾಟದ ಯಂತ್ರದ ನಳಿಕೆಯಲ್ಲಿ ನೀರು ನಿಂತು ಪ್ರತಿ ಉಸಿರಿಗೂ ಗೆರೆ ಕುಣಿಯುತ್ತಿತ್ತು. ನರ್ಸಿಗೆ ಹೇಳಿ ನೀರು ತೆಗೆಸಿದೆ. ಇಷ್ಟೆಲ್ಲ ಕಳೆದ ಮೇಲೆ ಉಳಿದದ್ದು ಸರಿಸುಮಾರು ನೆಟ್ಟಗಿನ ಗೆರೆಗಳು. ಹೆಸರು ಹಿಡಿದು ಮೂರು ಸಲ ಕರೆದೆ. ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ. ಉಗುರಿನ ಮೇಲೆ ಪೆನ್ನು ಇಟ್ಟು ಒತ್ತಿದೆ. ಗೆರೆ ಹಾಗೇ ಇತ್ತು. ನನಗೂ ಏನೂ ಅನ್ನಿಸಲಿಲ್ಲ. ಹೀಗೆ ನೆಟ್ಟಗೆ ಹೋಗುವ ಗೆರೆಗಳನ್ನು ಎಷ್ಟೋ ನೋಡಿದ್ದೇನೆ. ಮೊದಲೆಲ್ಲ ಕೆರೂರಿನ ಮನೆಗೆ ಹೋಗುವ ಬಸ್ಸಿನಲ್ಲಿ ಅವೇ ಕಣ್ಣ ಮುಂದೆ ಬರುತ್ತಿದ್ದವು. ಈಗ ಬಸ್ಸಿನಲ್ಲಿ ನಿದ್ದೆ ಬರುತ್ತದೆ.

ಸಂಜೆ ಡಾಕ್ಟರು ಗಂಡನನ್ನು ಕೂರಿಸಿಕೊಂಡು ಹೇಳಿದರು. ಉಸಿರನ್ನು ಸ್ವಲ್ಪ ಸ್ವಂತವಾಗಿ ಎಳೆಯುತ್ತಾರೆ, ಅಂದರೆ ಮಿದುಳಿನ ಕೆಳಭಾಗ ಇದೆ. ಮೇಲಿನ ಭಾಗ, ಮಾತು ನೆನಪು ಗುರುತು ಇರುವ ಭಾಗ, ಉತ್ತರ ಕೊಡುತ್ತಿಲ್ಲ. ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದರೆ ಬಹಳ ದಿನ ಇಡಬಹುದು. ಬೇಡವೆಂದರೆ ಮನೆಗೆ ಒಯ್ಯಬಹುದು.

ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡರು. “ಆಕಿ ಒಳಗ ಅದಾಳೋ ಇಲ್ಲೋ, ಅದೊಂದ ಹೇಳ್ರಿ ಸಾಹೇಬ್ರ. ಇದ್ರ ನಾ ಎಷ್ಟ ವರ್ಷ ಆದ್ರೂ ನೋಡ್ಕೊಳ್ತೇನಿ. ಇಲ್ಲಂದ್ರ ಉಸಿರ ಇರೂದ್ರಾಗ ಮನಿ ಮುಟ್ಟಸ್ತೇನಿ. ಎರಡರಾಗ ಒಂದ ಹೇಳ್ರಿ.”

“ಶುಕ್ರವಾರ ಬರ್ತೇನಿ, ಅವತ್ತ ನೋಡೂಣು,” ಅಂದರು ಡಾಕ್ಟರು.

ಅದೇ ಹೊತ್ತಿಗೆ ನಮ್ಮಲ್ಲಿಗೆ ಇಂಜಿನಿಯರಿಂಗ್ ಕಾಲೇಜಿನ ಮೇಡಂ ಒಬ್ಬರು ಬರುತ್ತಿದ್ದರು. ಬಾದಾಮಿಯವರು, ಕಂಪ್ಯೂಟರ್ ಕಲಿಸುವವರು, ಪಿಎಚ್‌ಡಿಗೆಂದು ನಮ್ಮ ಹಳೆಯ ಇಇಜಿಗಳನ್ನು ನೋಡುತ್ತಿದ್ದರು. ಮಿದುಳನ್ನು ಲೆಕ್ಕ ಮಾಡುವ ವ್ಯವಸ್ಥೆಯಾಗಿ ನೋಡುವುದು ಅವರ ವಿಷಯ. ಅವರು ಮಾತಿಗೆ ಕುಳಿತರೆ ನನ್ನ ಚಹಾ ಆರುತ್ತಿತ್ತು. ಮಂಗಳವಾರ ಕಾರಿಡಾರಿನ ಬೆಂಚಿನ ಮೇಲೆ ಕಾಕಾನ ಪಕ್ಕ ಕುಳಿತು ಅವರಿಗೇ ಪಾಠ ಶುರುಮಾಡಿದ್ದರು. ನಾನು ಕೈ ತೊಳೆದುಕೊಂಡು ಬಂದು ನಿಂತೆ.

“ಒಳಗ ಕೋಟಿಗಟ್ಟಲೆ ಜೀವಕೋಶ ಅದಾವು ಕಾಕಾ. ಒಂದೊಂದು ಕೋಶಕ್ಕ ಸಾವಿರಾರು ಕಡಿಂದ ಸುದ್ದಿ ಬರ್ತಾವು. ಕೆಲವು ಹೂಂ ಅಂತಾವು, ಕೆಲವು ಬ್ಯಾಡ ಅಂತಾವು. ಕೋಶ ಎಲ್ಲಾ ಕೂಡಿಸಿ ಕಳೀತೈತಿ. ಹೂಂ ಅನ್ನೂವು ಹೆಚ್ಚಾದ್ರ ಮುಂದಿನ ಕೋಶಕ್ಕ ಸುದ್ದಿ ಕಳಸ್ತೈತಿ, ಇಲ್ಲಂದ್ರ ಸುಮ್ಮ ಇರ್ತೈತಿ. ಇಷ್ಟ. ಇದನ್ನ ಕೋಟಿ ಸಲ ಮಾಡಿದ್ರ ಅದ ನಮ್ಮ ವಿಚಾರ, ನಮ್ಮ ನೆನಪು.”

ನನಗೆ ಅನ್ನಿಸಿತು, ಪಾಪ, ಇವರಿಗ್ಯಾಕೆ ಇದೆಲ್ಲ. ಆದರೆ ಕಾಕಾ ಬೆರಳಿನಿಂದ ಬೆಂಚಿನ ಮೇಲೆ ಏನೋ ಗೆರೆ ಎಳೆಯುತ್ತಿದ್ದರು.

“ಅಂಚಿನ ಪಟ್ಟಿ ಇದ್ದಂಗ,” ಅಂದರು. ಕಾಕಾ ಇಳಕಲ್ ಸೀರೆ ನೇಯುವವರು. ಸೀರೆಯ ಅಂಚಿನ ಚಿತ್ತಾರಕ್ಕೆ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಸಾಲು ತಿರುಗುತ್ತದೆ. “ತೂತ ಇದ್ದಲ್ಲಿ ದಾರ ಮ್ಯಾಲ ಏಳತೈತಿ, ಇಲ್ಲದಲ್ಲಿ ಕೆಳಗ ಉಳೀತೈತಿ. ಪಟ್ಟಿಗೆ ತಾ ಏನ್ ನೇಯಾಕತ್ತೇನಿ ಅನ್ನೂದು ಗೊತ್ತಿರೂದಿಲ್ಲ. ಆದ್ರ ಅಂಚ ಬರತೈತಿ.”

“ಖರೆ ಹಂಗ ಐತಿ,” ಮೇಡಂಗೆ ಖುಷಿಯೋ ಖುಷಿ.

“ಹಂಗಾರ ನಮ್ಮಾಕಿದು ಪಟ್ಟಿ ಹರದಾವೋ, ದಾರ ಹರದಾವೋ? ಪಟ್ಟಿ ಚಲೋ ಇದ್ದು ದಾರ ಅಷ್ಟ ಹರದಿದ್ರ, ಚಿತ್ತಾರ ಒಳಗ ಹಂಗ ಇರತೈತ್ರಿ. ಹೊರಗ ಕಾಣೂದಿಲ್ಲ ಅಷ್ಟ. ಪಟ್ಟಿನ ಹರದಿದ್ರ ಮುಗೀತು.”

ಪ್ರಶ್ನೆ ಅದೇ ಆಗಿತ್ತು. ಕೈಕಾಲು ಆಡದ, ಕಣ್ಣು ತೆರೆಯದ ಮನುಷ್ಯನ ಒಳಗೆ ಲೆಕ್ಕ ನಡೆಯುತ್ತಿದೆಯೋ ಇಲ್ಲವೋ.

ಮೇಡಂ ಕೇಳಿದರು, “ಕಾಕಾ, ಮಗ್ಗದ ಕೆಲಸದಾಗ ಅವ್ರು ಏನ್ ಮಾಡ್ತಿದ್ರು?”

“ನೇಯೂದು ನಾ. ಕೂಡಸೂದು ಆಕಿ.” ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವಲ್ಲಿ, ಉದ್ದಕ್ಕೆ ಹಾಯುವ ಹಾಸಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಇಳಕಲ್ಲಿನ ನೇಯ್ಗೆಯ ಗುಟ್ಟೇ ಆ ಕೊಂಡಿ. “ಕೊಂಡಿ ಹಾಕಾಕಿ ಆಕಿ. ನಡುವ ದಾರ ಹರದ್ರೂ ಆಕಿನ ಬರಬೇಕು. ನನ್ನ ಕಣ್ಣಿಗೆ ಈಗ ಸಣ್ಣ ಎಳಿ ಕಾಣೂದಿಲ್ರಿ.”

“ಹ್ಯಾಂಗ ಕರೀತೀರಿ?”

“ಕರಿಯೂದಿಲ್ರಿ. ಮಗ್ಗ ನಿಂತ್ರ ಆಕಿಗೆ ತಿಳೀತೈತಿ. ಅಡಗಿಮನ್ಯಾಗ ಇದ್ರೂ ಬರ್ತಾಳ. ಮೂವತ್ತೈದು ವರ್ಷ ಆತು, ಒಮ್ಮಿನೂ ಬಾಯಿ ಬಿಟ್ಟ ಕರದಿಲ್ಲ.”

ಮೇಡಂ ನನ್ನ ಕಡೆ ತಿರುಗಿದರು. ಅವರ ತಲೆಯಲ್ಲಿ ಏನು ಓಡಿತು ಅಂತ ನನಗೂ ಗೊತ್ತಾಯಿತು. ಮಿದುಳು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ಮುಂದೇನು ಬರುತ್ತದೆಂದು ಮೊದಲೇ ಲೆಕ್ಕ ಹಾಕಿರುತ್ತದೆ. ಲೆಕ್ಕ ತಪ್ಪಿದಾಗ ಗೆರೆಯಲ್ಲಿ ಒಂದು ಅಲೆ ಏಳುತ್ತದೆ. ಇದನ್ನು ನೋಡಲು ಸಾಮಾನ್ಯವಾಗಿ ಒಂದೇ ಥರದ ಪೀಂ ಪೀಂ ಸದ್ದು ಕೇಳಿಸಿ ನಡುವೆ ಒಂದನ್ನು ಬದಲಿಸುತ್ತಾರೆ. ಪೀಂ ಅನ್ನುವ ಸದ್ದು ಈ ಹೆಂಗಸಿಗೆ ಏನಾಗಬೇಕು? ಮೂವತ್ತೈದು ವರ್ಷ ಕೇಳಿದ ಮಗ್ಗದ ಸದ್ದು ಕೇಳಿಸಿ, ನಿಲ್ಲಿಸಿದರೆ? ಒಳಗೆ ಲೆಕ್ಕ ಇನ್ನೂ ನಡೆಯುತ್ತಿದ್ದರೆ, ಆ ನಿಂತ ಜಾಗದಲ್ಲಿ ಕಾಣಬೇಕು.

ಫೋನಿನಲ್ಲಿ ಡಾಕ್ಟರನ್ನು ಕೇಳಿದೆವು. “ಮಾಡ್ರಿ, ಹಾನಿ ಏನಿಲ್ಲ,” ಅಂದರು. ಹಾನಿ ಇಲ್ಲ ಅನ್ನುವುದನ್ನು ನಾನೂ ನಂಬಿದೆ.

ಸದ್ದು ಬೇಕಾಗಿತ್ತು. ಕಾಕಾನ ತಮ್ಮ ಇಳಕಲ್ಲಿನಲ್ಲಿ ಅಣ್ಣನ ಮಗ್ಗದ ಮೇಲೆ ತಾನೇ ಕುಳಿತು ನೇಯ್ದು ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸಿದರು. ಮೊದಲ ಸಲದ್ದರಲ್ಲಿ ಪಕ್ಕದ ಓಣಿಯ ವಿದ್ಯುತ್ ಮಗ್ಗಗಳ ಆರ್ಭಟವೇ ತುಂಬಿತ್ತು. ಊಟದ ಹೊತ್ತಿಗೆ ಅವು ನಿಂತಾಗ ಮತ್ತೆ ಮಾಡಲು ಹೇಳಿದೆವು. ಎರಡನೆಯದು ಚೆನ್ನಾಗಿ ಬಂತು. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ಕಾಲಿನ ತುಳಿತ. ಮೇಡಂ ಅದನ್ನು ಕತ್ತರಿಸಿ ಜೋಡಿಸಿದರು. ಕೆಲವು ಸೆಕೆಂಡು ಮಗ್ಗ ನಡೆಯಬೇಕು, ಎಷ್ಟು ಅನ್ನುವುದು ಪ್ರತಿ ಸಲ ಬೇರೆ. ಆಮೇಲೆ ನಾಲ್ಕು ಸೆಕೆಂಡು ಮೌನ. ಹೀಗೆ ಅರವತ್ತು ಸಲ. ಒಂದು ಸಲದ ಅಲೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಸಣ್ಣದು. ಅರವತ್ತು ಮೌನಗಳ ಗೆರೆಗಳನ್ನು ಒಂದರ ಮೇಲೊಂದು ಕೂಡಿಸಿ ಭಾಗಿಸಿದರೆ, ಅಡ್ಡಾದಿಡ್ಡಿ ಗದ್ದಲ ಒಂದನ್ನೊಂದು ಹೊಡೆದು ಹಾಕುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ ಏಳುವುದು ಮಾತ್ರ ಉಳಿಯುತ್ತದೆ.

ಬುಧವಾರ ಹತ್ತು ಗಂಟೆಗೆ ತಲೆಯನ್ನು ಚೆನ್ನಾಗಿ ತೊಳೆದು ಒರೆಸಿ ಮತ್ತೆ ಇಪ್ಪತ್ತೊಂದೂ ಅಂಟಿಸಿದೆ. ಕಿವಿಗೆ ಹಾಕುವ ಇಯರ್‌ಫೋನಿನ ಒಂದು ಬದಿ ಕೆಟ್ಟಿತ್ತು. ದಿಂಬಿನ ಪಕ್ಕ ಸಣ್ಣ ಸ್ಪೀಕರು ಇಟ್ಟೆವು. ಕಾಕಾ ಗಾಜಿನಾಚೆ ನಿಂತೇ ಇದ್ದರು. ನರ್ಸು ಹೇಳಿದಳು, “ಪಾಪ, ಹತ್ತು ದಿನದಿಂದ ನಿಂತ ಅದಾರ. ಒಳಗ ಕುಂದ್ರಸ್ರಿ ಅಕ್ಕಾರ.” ಪರೀಕ್ಷೆ ನಡೆಯುವಾಗ ಸಂಬಂಧಿಕರನ್ನು ಹೊರಗೆ ಇಡಬೇಕು ಅನ್ನುವುದು ನಾನು ಮೊದಲ ದಿನ ಕಲಿತ ಪಾಠ. ಆದರೂ ಸ್ಟೂಲು ಎಳೆದು ತಲೆಯ ಹತ್ತಿರ ನಾನೇ ಕೂರಿಸಿದೆ. “ಮಾತಾಡಬ್ಯಾಡ್ರಿ, ಅಲ್ಲಾಡಬ್ಯಾಡ್ರಿ” ಅಂದೆ. ಕಾಕಾ ಹೂಂ ಅಂದು ಬಲಗೈಯನ್ನು ದಿಂಬಿನ ಅಂಚಿನಲ್ಲಿ, ಆಕೆಯ ಹಿಂದಲೆಗೆ ತಾಗುವ ಹಾಗೆ ಇಟ್ಟರು. ಕಾಲು ಗಂಟೆ ಅವರು ಮಿಸುಕಾಡಿದ್ದು ನಾನು ಕಾಣಲಿಲ್ಲ. ನಾನು ಗೆರೆ ನೋಡುತ್ತಿದ್ದೆ.

ಮಧ್ಯಾಹ್ನ ಮೇಡಂ ಲ್ಯಾಪ್‌ಟಾಪು ತಿರುಗಿಸಿ ತೋರಿಸಿದರು. ಮಗ್ಗ ನಿಂತ ಮೇಲೆ ನೆಟ್ಟಗೆ ಹೋಗಬೇಕಾದ ಗೆರೆಯಲ್ಲಿ ಒಂದು ಅಲೆ. ಅದರ ಬೆನ್ನಿಗೇ ಇನ್ನೊಂದು. ಯಾವ ಅನುಮಾನಕ್ಕೂ ಎಡೆಯಿಲ್ಲದಷ್ಟು ದೊಡ್ಡವು.

“ಮೊದಲನೇದು ಮಗ್ಗ ನಿಂತಿದ್ದು ತಿಳದದ್ದಕ್ಕ,” ಅಂದರು ಮೇಡಂ. “ಎರಡನೇದು ಎದ್ದು ಹೋಗಬೇಕು ಅನ್ನೂದಕ್ಕ ಇರಬೇಕು.” ಅವರ ಕಣ್ಣು ತುಂಬಿತ್ತು. ನನಗೆ ಒಳ್ಳೆಯದೇ ಅನ್ನಿಸಿತು. ಬಹಳ ದಿನದ ಮೇಲೆ ಕೆಲಸದಲ್ಲಿ ಏನೋ ಅನ್ನಿಸಿತು.

ಡಾಕ್ಟರು ನೋಡುವವರೆಗೆ ಕಾಯಬೇಕಿತ್ತು. ಮೇಡಂ ಓಡಿಹೋಗಿ ಕಾಕಾಗೆ ಹೇಳಿಬಿಟ್ಟರು. ನಾನು ಪಕ್ಕದಲ್ಲಿ ನಿಂತು ಹೌದು ಅನ್ನುವಂತೆ ತಲೆ ಆಡಿಸಿದೆ. ಆ ತಲೆ ಆಡಿಸಿದ್ದು ನನ್ನದೇ ತಪ್ಪು, ಮೇಡಂ ಮೇಲೆ ಹಾಕುವುದಿಲ್ಲ. ಕಾಕಾ ಕಾರಿಡಾರಿನ ನೆಲದ ಮೇಲೆ ಕುಳಿತುಬಿಟ್ಟರು. ತಮ್ಮನಿಗೆ ಫೋನು ಹಚ್ಚಿದರು.

“ಅದಾಳಪಾ. ಒಳಗ ಅದಾಳ. ಗಾಡಿ ತರಬ್ಯಾಡ.” ಹುನಗುಂದದಲ್ಲಿ ಗಾಡಿ ಮಾತಾಡಿ ಇಟ್ಟಿದ್ದರಂತೆ, ಮನೆಗೆ ಒಯ್ಯುವುದಾದರೆ ಇರಲಿ ಎಂದು. ಸಂಜೆ ಗಂಟಲಿನ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಶುಕ್ರವಾರ ಬೆಳಿಗ್ಗೆ ಅಂತ ಗೊತ್ತಾಯಿತು.

ಗುರುವಾರ ನಾನು ರಿಪೋರ್ಟು ಬರೆಯಲು ಕುಳಿತೆ. ಅಲೆ ತಲೆಯ ಯಾವ ಭಾಗದಲ್ಲಿ ದೊಡ್ಡದು, ಎಲ್ಲಿ ಸಣ್ಣದು ಎಂದು ಬರೆಯಬೇಕು. ಇಂಥ ಅಲೆ ನೆತ್ತಿಯ ನಡುವೆ ದೊಡ್ಡದಿದ್ದು ಸುತ್ತ ಇಳಿಯುತ್ತಾ ಹೋಗಬೇಕು. ನೆತ್ತಿಯ ಬಟ್ಟಲುಗಳಲ್ಲಿ ನೋಡಿದೆ, ಏನೂ ಇಲ್ಲದಷ್ಟು ಸಣ್ಣದಿತ್ತು. ದೊಡ್ಡದಿದ್ದದ್ದು ಹಿಂದಲೆಯ ಬಲಕ್ಕೆ ಅಂಟಿಸಿದ ಎರಡು ಬಟ್ಟಲುಗಳಲ್ಲಿ ಮಾತ್ರ. ಮಿದುಳಿನ ಅಲೆ ಹೀಗೆ ಒಂದು ಮೂಲೆಯಲ್ಲಿ ಮಾತ್ರ ಏಳುವುದಿಲ್ಲ. ಹೀಗೆ ಏಳುವುದು ಏನೆಂದು ನನಗೆ ಗೊತ್ತು. ಬಟ್ಟಲು ಅಲುಗಿದರೆ ಏಳುತ್ತದೆ.

ನಮ್ಮ ಯಂತ್ರದ ಕಂಬಕ್ಕೆ ಸಣ್ಣ ಕ್ಯಾಮೆರಾ ಇದೆ. ಗೆರೆಯ ಜೊತೆಗೇ ರೋಗಿಯ ತಲೆ ಮತ್ತು ದಿಂಬಿನ ವಿಡಿಯೋ ಮೂಡುತ್ತದೆ. ತೆಗೆದು ನೋಡಿದೆ. ಮಗ್ಗ ನಡೆಯುತ್ತದೆ. ದಿಂಬಿನ ಮೇಲೆ ಕಾಕಾನ ಬಲಗೈ, ಕಲ್ಲಿನ ಹಾಗೆ. ಮಗ್ಗ ನಿಲ್ಲುತ್ತದೆ. ಹೆಬ್ಬೆರಳು ಒಂದು ಸಲ ದಿಂಬನ್ನು ಒತ್ತುತ್ತದೆ, ಇನ್ನೊಂದು ಸಲ ಒತ್ತುತ್ತದೆ. ಮತ್ತೆ ಕಲ್ಲು. ಮುಂದಿನ ಮೌನಕ್ಕೆ ಓಡಿಸಿದೆ. ಹೆಬ್ಬೆರಳು ಎರಡು ಸಲ. ಅದರ ಮುಂದಿನದಕ್ಕೆ. ಎರಡು ಸಲ. ಅರವತ್ತನ್ನೂ ನೋಡಿದೆ. ಮೂರೋ ನಾಲ್ಕೋ ಕಡೆ ಬಿಟ್ಟರೆ ಎಲ್ಲದರಲ್ಲೂ ಇತ್ತು.

ಅವರ ತಮ್ಮನಿಗೆ ಫೋನು ಮಾಡಿದೆ. “ಅಣ್ಣಾರು ಮಗ್ಗ ನಿಲ್ಲಿಸಿದಾಗ ಏನರ ಬಡೀತಾರೇನ್ರಿ?”

“ಹೌದಲ್ರಿ. ಮಗ್ಗದ ಕಟಗಿಗೆ ಹೆಬ್ಬಟ್ಟಲೆ ಟಕ್ ಟಕ್ ಅಂತ ಎರಡ ಸಲ. ವೈನಿ ಎದ್ದ ಬರ್ತಾರ. ಅಂವಗ ಕೇಳಿದ್ರ ನಾ ಎಲ್ಲಿ ಬಡದೆ ಅಂತಾನ. ಅವನಿಗೆ ಖಬರ ಇರೂದಿಲ್ರಿ.”

ಫೋನು ಇಟ್ಟೆ. ಲೆಕ್ಕ ನಡೆದಿತ್ತು, ಅದು ಸುಳ್ಳಲ್ಲ. ಮಗ್ಗದ ಸದ್ದು ಕೇಳಿ, ನಿಂತದ್ದನ್ನು ಹಿಡಿದು, ಒಂದು ಸೆಕೆಂಡಿನೊಳಗೆ ಕೈಗೆ ಆಜ್ಞೆ ಕೊಟ್ಟ ಮಿದುಳು ಒಂದು ಆ ಕೋಣೆಯಲ್ಲಿತ್ತು. ಅದು ಮಂಚದ ಮೇಲಿರಲಿಲ್ಲ, ಸ್ಟೂಲಿನ ಮೇಲಿತ್ತು.

ಮೇಡಂಗೆ ಹೇಳಿದಾಗ ಅವರು ಬಹಳ ವಾದ ಮಾಡಿದರು. ಸ್ವಲ್ಪ ಭಾಗವಾದರೂ ಆಕೆಯದಿರಬಹುದು ಅಂದರು. “ಇರಬಹುದು ಅಂತ ಗಂಟಲಿಗೆ ತೂತ ಹಾಕಾಕ ಬರಂಗಿಲ್ರಿ ಮೇಡಂ,” ಅಂದೆ. ದನಿ ಏರಿತ್ತು. ಸಿಟ್ಟು ಅವರ ಮೇಲಿರಲಿಲ್ಲ. ಸ್ಟೂಲು ಎಳೆದವಳು ನಾನು.

ಮಧ್ಯಾಹ್ನ ಮತ್ತೆ ಅಂಟಿಸಿದೆ. ಅದೇ ಸ್ಪೀಕರು, ಅದೇ ಸದ್ದು, ಅದೇ ಅರವತ್ತು. ಕಾಕಾನನ್ನು ಊಟಕ್ಕೆ ಕಳಿಸಿದ್ದೆ. ಮಂಚವನ್ನು ಯಾರೂ ಮುಟ್ಟಲಿಲ್ಲ. ಕೂಡಿಸಿ ಭಾಗಿಸಿದಾಗ ಗೆರೆ ನೆಟ್ಟಗಿತ್ತು. ಇನ್ನೊಮ್ಮೆ ಮಾಡಿದೆ, ನೆಟ್ಟಗಿತ್ತು. ಮೂರನೆಯ ಸಲ ನಾನೇ ಸ್ಟೂಲಿನ ಮೇಲೆ ಕುಳಿತು, ದಿಂಬಿನ ಅಂಚಿನಲ್ಲಿ ಕೈ ಇಟ್ಟು, ಮಗ್ಗ ನಿಂತಾಗಲೆಲ್ಲ ಹೆಬ್ಬೆರಳಿನಿಂದ ಎರಡು ಸಲ ಒತ್ತಿದೆ. ಅದೇ ಎರಡು ಅಲೆ ಬಂದವು. ಆಕೆಯ ತಲೆ ನನ್ನ ಕೈಗೆ ತಾಗುತ್ತಿತ್ತು, ಬೆಚ್ಚಗಿತ್ತು. ಅರವತ್ತು ಸಲ ಒತ್ತುವಷ್ಟರಲ್ಲಿ ನನ್ನ ಕೈ ಜೋಮು ಹಿಡಿಯಿತು.

ಡಾಕ್ಟರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿ, “ಆಪರೇಷನ್ ನಿಲ್ಲಸ್ರಿ,” ಅಂದರು. ಆಮೇಲೆ, “ಹೆಬ್ಬಟ್ಟಿನ ವಿಷಯ ಅವ್ರಿಗೆ ಯಾಕ? ಮತ್ತೊಮ್ಮೆ ಟೆಸ್ಟ್ ಮಾಡಿದ್ವಿ, ಈ ಸಲ ಏನೂ ಬರಲಿಲ್ಲ ಅಂತ ನಾ ಬಂದು ಹೇಳ್ತೇನಿ. ಸುಳ್ಳೂ ಅಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅರ್ಧ ತಾಸು ವಿಚಾರ ಮಾಡಿದೆ. ಹಾಗೆ ಹೇಳಿದರೆ ಕಾಕಾ ಏನು ಅಂದುಕೊಳ್ಳುತ್ತಾರೆ? ಬುಧವಾರ ಆಕೆ ಇದ್ದಳು, ಗುರುವಾರ ಹೋದಳು. ಬುಧವಾರವೇ ಏನಾದರೂ ಮಾಡಿದ್ದರೆ ಉಳಿಯುತ್ತಿದ್ದಳು. ಒಂದು ದಿನ ತಡವಾಯಿತು. ಆ ಒಂದು ದಿನವನ್ನು ಅವರು ಸಾಯುವವರೆಗೆ ಹೊತ್ತು ತಿರುಗುತ್ತಾರೆ. ಅದು ಆಗಬಾರದು ಅಂತ ನಿರ್ಧಾರ ಮಾಡಿದೆ. ಡಾಕ್ಟರಿಗೆ ಮತ್ತೆ ಫೋನು ಮಾಡಿ, ನಾನೇ ಹೇಳುತ್ತೇನೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಅಂದೆ. ಅವರು ಆಯಿತು ಅಂದರು.

ನಾಲ್ಕು ಗಂಟೆಗೆ ಕಾಕಾನನ್ನು ನನ್ನ ಕೋಣೆಗೆ ಕರೆದೆ. ಮೇಡಂ ಬರಲಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೇಳಿದೆ.

“ಕಾಕಾ, ನಿನ್ನೆ ಹೇಳಿದ್ದು ತಪ್ಪಾಗೇತಿ. ಆ ಅಲಿ ಅವ್ರದಲ್ಲ. ತಪ್ಪು ನಂದು.”

“ಯಾರ್ದು ಹಂಗಾರ?”

ವಿಡಿಯೋ ಹಚ್ಚಿದೆ. ಮಗ್ಗ ನಡೆಯಿತು, ನಿಂತಿತು. ಅವರು ಕುತ್ತಿಗೆ ಮುಂದೆ ಚಾಚಿ ನೋಡಿದರು. ಮೊದಲ ಸಲ ತಿಳಿಯಲಿಲ್ಲ. ಎರಡನೆಯ ಸಲ ಹೆಬ್ಬೆರಳನ್ನು ತೋರಿಸಿದೆ. ಮೂರನೆಯ ಸಲ ನಾನು ತೋರಿಸಬೇಕಾಗಲಿಲ್ಲ. ಅವರು ತಮ್ಮ ಬಲಗೈ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು.

“ಇದು ನಾ ಮಾಡಿದ್ದಲ್ರಿ,” ಅಂದರು.

“ಗೊತ್ತೈತಿ ಕಾಕಾ.”

“ಅಲ್ಲಾಡಬ್ಯಾಡ ಅಂದಿದ್ರಿ. ನಾ ಅಲ್ಲಾಡಿಲ್ಲ ಅಂತನ ತಿಳಕೊಂಡಿದ್ದೆ.”

“ಹೌದ್ರಿ. ಕೈ ತಾನ ಮಾಡೇತಿ.”

ಮತ್ತೆ ಒಂದು ಮೌನದ ತನಕ ವಿಡಿಯೋ ನೋಡಿದರು. “ಇಷ್ಟ ವರ್ಷ ಕರದೇ ಇಲ್ಲ ಅಂತಿದ್ದೆ ನಾ. ಕರದೇನಿ ನೋಡ್ರಿ. ಇಲ್ಲೂ ಕರದೇನಿ. ಎಷ್ಟ ಸಲ ಆತ್ರಿ?”

“ಅರವತ್ತು.”

“ಅರವತ್ತ ಸಲ ಕರದ್ರೂ ಬರಲಿಲ್ಲಂದ್ರ, ಆಕಿ ಇಲ್ರಿ.” ಅಳಲಿಲ್ಲ. ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. “ಪಟ್ಟಿನ ಹರದಾವು. ನಾಳೆ ಒಯ್ತೇನಿ.”

ಕೈ ಮುಗಿದು ಎದ್ದರು. ನಾನು ಎದ್ದು ನಿಂತೆ. ರಿಪೋರ್ಟಿನಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಹೊರಗಿನ ಅಲುಗಾಟದಿಂದ ಬಂದದ್ದು, ಮರುಪರೀಕ್ಷೆಯಲ್ಲಿ ಪ್ರತಿಕ್ರಿಯೆ ಇಲ್ಲ ಎಂದು ಬರೆದು, 5.40ರ ಬಸ್ಸು ಹಿಡಿದೆ. ಅವತ್ತೂ ಬಸ್ಸಿನಲ್ಲಿ ನಿದ್ದೆ ಬಂತು. ಮನೆಯಲ್ಲಿ ಎರಡು ರೊಟ್ಟಿ ತಿಂದೆ. ನನ್ನ ಬಗ್ಗೆ ನನಗೇ ಹೇಸಿಗೆ ಆಗಬೇಕಿತ್ತೇನೋ, ಅದೂ ಆಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಕಾಗದಕ್ಕೆ ಸಹಿ ಮಾಡಿದರು. ಆಕೆಯ ಕೂದಲಿನಲ್ಲಿ ಉಳಿದಿದ್ದ ಅಂಟನ್ನು ಬಿಸಿನೀರಿನಲ್ಲಿ ತೊಳೆದು, ಕೆಂಪು ಗುರುತುಗಳನ್ನು ಒರೆಸಿ, ನರ್ಸು ಜಡೆ ಹಾಕಿದಳು. ಹುನಗುಂದದ ಗಾಡಿ ಹತ್ತೂವರೆಗೆ ಹೊರಟಿತು. ಕೈಯಿಂದ ಒತ್ತುವ ಉಸಿರಿನ ಚೀಲ ಹಿಡಿದು ಒಬ್ಬ ಬ್ರದರ್ ಜೊತೆಗೆ ಹೋದ.

ಹದಿನೈದು ದಿನದ ಮೇಲೆ ಕಾಕಾ ದಾಖಲೆ ಪತ್ರಗಳಿಗೆ ಬಂದರು. ಕೆಲಸ ಮುಗಿಸಿ ನನ್ನ ಕೋಣೆಯ ಬಾಗಿಲಲ್ಲಿ ನಿಂತರು. ಕೂರಿಸಿ ಚಹಾ ತರಿಸಿದೆ. ಮೇಡಂ ಹೇಗಿದ್ದಾರೆಂದು ಕೇಳಿದರು. ಚೆನ್ನಾಗಿದ್ದಾರೆ ಅಂದೆ.

“ಜೀವಾ ಇರೂದ್ರಾಗ ಮನಿ ಮುಟ್ಟಿದ್ಲು,” ಅಂದರು. “ಮಗ್ಗದ ಬಾಜು ಹಾಸಿ ಮಲಗಿಸಿದ್ವಿ. ಚೀಲ ತಗದ ಮ್ಯಾಲೂ ಎರಡ ತಾಸು ಉಸಿರ ಇತ್ತರಿ. ತ್ರಾಸ ಆಗಲಿಲ್ಲ.”

“ನೀವು ಹತ್ರ ಇದ್ರಿ?”

“ಇದ್ದೆ. ತಲಿ ಕಡೆನ ಕುಂತಿದ್ದೆ. ತಲಿ ಮ್ಯಾಲ ಕೈ ಇಡು, ಕೈ ಇಡು ಅಂದ್ರು ಎಲ್ಲಾರು. ನಾ ಇಡಲಿಲ್ರಿ.”

“ಯಾಕ ಕಾಕಾ?”

ಅವರು ಚಹಾದ ಕಪ್ಪು ಕೆಳಗಿಟ್ಟರು. “ಈ ಕೈ ನನ್ನ ಮಾತ ಕೇಳೂದಿಲ್ಲ ಅಂತ ನೀವ ತೋರಿಸಿದ್ರಲ್ರಿ. ಆಕಿ ಸುಮ್ಮ ಹೊಂಟಾಕಿ. ನನಗ ತಿಳೀಲಾರದಂಗ ಮತ್ತ ಕರದೀತು ಅಂತ ಅಂಜಿ, ಎರಡೂ ಕೈ ತೊಡಿ ಬುಡಕ ಇಟಗೊಂಡ ಕುಂತೆ. ಆಕಿ ಪೂರಾ ಹೋಗೂ ತನಕ ಹಂಗ ಕುಂತಿದ್ದೆ.”

ಅದನ್ನು ದೂರಿನ ದನಿಯಲ್ಲಿ ಹೇಳಲಿಲ್ಲ. ಇಳಕಲ್ಲಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ನಾನು ಬಾಗಿಲಿನವರೆಗೂ ಹೋಗಲಿಲ್ಲ. ಆ ವಿಡಿಯೋವನ್ನು ನಾನು ತೋರಿಸದೇ ಇದ್ದಿದ್ದರೆ, ಆ ಎರಡು ತಾಸು ಅವರ ಕೈ ಆಕೆಯ ತಲೆಯ ಮೇಲೆ ಇರುತ್ತಿತ್ತು.